ಐದನೇ ತಂತಿ ಯಾವ ಬದಿಗೆ?

ಮಲ್ಲಾಪುರದ ಟೂಲ್‌ರೂಮಿನಲ್ಲಿ ಮೂವತ್ತೊಂದು ವರ್ಷ ಫಿಟ್ಟರ್ ಆಗಿ ದುಡಿದು ನಿವೃತ್ತನಾದ ಮೇಲೆ ಕದ್ವಾಡದ ಮನೆಯ ಪಕ್ಕದಲ್ಲಿ ಸಣ್ಣ ಕಾರ್ಯಾಗಾರ ತೆರೆದೆ. ಟೂಲ್‌ರೂಮ್ ಎಂದರೆ ಯಂತ್ರದ ಬಿಡಿಭಾಗಗಳನ್ನು ಮಾದರಿ ನೋಡಿ ತಯಾರಿಸುವ ಜಾಗ. ಅಲ್ಲಿ ಇರುವುದು ಒಂದೇ ಧರ್ಮ: ಮಾದರಿ ಹೇಗಿದೆಯೋ ಹಾಗೆ. ಸ್ವಂತ ಬುದ್ಧಿ ಓಡಿಸಿ ಮಾಡಿದ ಭಾಗ ತಿರಸ್ಕೃತವಾಗುತ್ತದೆ. ನನ್ನದು ಒಂದೂ ಹಾಗೆ ವಾಪಸು ಬಂದಿರಲಿಲ್ಲ. ಆ ಹಮ್ಮು ನನಗಿತ್ತು.

ನಿವೃತ್ತಿಯ ಎರಡನೇ ವರ್ಷ, ಮೇ ತಿಂಗಳಲ್ಲಿ, ಅಂಕೋಲೆಯ ಬೆಳಂಬಾರದಿಂದ ಸುಶೀಲಾ ಎಂಬ ಮೀನುಗಾರ ಮನೆತನದ ಹೆಂಗಸು ಬಂದರು. ಹಳೆಯ ಸೀರೆಯಲ್ಲಿ ಸುತ್ತಿ ತಂದದ್ದು ಐದು ತಂತಿಯ ಬ್ಯಾಂಜೋ. ನಮ್ಮ ಕಡೆ ಮೆರವಣಿಗೆಯಲ್ಲಿ ಬಾರಿಸುವ ಗುಂಡಿಯ ಬ್ಯಾಂಜೋ ಅಲ್ಲ. ಚರ್ಮ ಬಿಗಿದ ದುಂಡು ಬಳೆಗೆ ಉದ್ದನೆಯ ಕತ್ತು ಜೋಡಿಸಿದ ವಿದೇಶಿ ವಾದ್ಯ. ಗಂಡ ನಾಗಪ್ಪ ಪ್ರಾಯದಲ್ಲಿ ಸರಕು ಹಡಗಿನ ಖಲಾಸಿಯಾಗಿದ್ದಾಗ ಅಡುಗೆಯವನೊಬ್ಬ ಕೊಟ್ಟದ್ದು, ಅವನೇ ಕಲಿಸಿದ್ದು. ಆಗಲೇ ಅದು ಹಳೆಯ ಕಾಲದ್ದು. ಈಗ ಉಪ್ಪುಗಾಳಿಗೆ ಬಳೆ ಬಿರಿದು, ಕತ್ತು ತಿರುಚಿಕೊಂಡಿತ್ತು.

“ಇದು ಹಾಳಾಯ್ತು ಹೇಳಿ ಇವ್ರು ಬಾರ್ಸೂದೇ ಬಿಟ್ರು, ನಾಯ್ಕರೆ. ಮೂರು ವರ್ಷಾಯ್ತು. ಮನೇಲಿ ಮಾತೂ ಕಮ್ಮಿ. ಹಿಂಗೇ ಇನ್ನೊಂದು ಮಾಡೂಕೆ ಬತ್ತದ್ಯಾ? ಅವ್ರಿಗೆ ಮಾತ್ರ ಗೊತ್ತಾಗೂದು ಬ್ಯಾಡ.”

“ಕೂದಲೆಳೆಯಷ್ಟೂ ವ್ಯತ್ಯಾಸ ಬರೂದಿಲ್ಲ,” ಎಂದೆ.

ಬಳೆಯ ಅಗಲ ಹನ್ನೊಂದು ಇಂಚು. ತಂತಿಯ ಉದ್ದ ಇಪ್ಪತ್ತಾರೂಕಾಲು ಇಂಚು. ಚರ್ಮ ಬಿಗಿಯಲು ಇಪ್ಪತ್ನಾಲ್ಕು ಕೊಕ್ಕೆ. ನಾಲ್ಕು ತಂತಿಗಳು ಕತ್ತಿನ ತುದಿಯಿಂದ ಹೊರಡುತ್ತವೆ. ಐದನೆಯದು ಮಾತ್ರ ಗಿಡ್ಡ. ಅದನ್ನು ಬಿಗಿಯುವ ಬಿರಡೆ ಕತ್ತಿನ ನಡುವೆ, ಒಂದು ಬದಿಗೆ ಇರುತ್ತದೆ. ಅದು ಹೆಬ್ಬೆರಳಿಗೆ ಸಿಗಬೇಕಾದ ತಂತಿ. ಹಲಸಿನ ಮರ, ಹಿತ್ತಾಳೆ, ಆಡಿನ ಚರ್ಮ. ಮಳೆಗಾಲದಲ್ಲಿ ಚರ್ಮ ಒಣಗದೆ ಸತಾಯಿಸಿತು. ಕೆಲಸ ಮುಗಿಯುವಾಗ ಚೌತಿ ಕಳೆದಿತ್ತು.

ನಾನೇ ಬೆಳಂಬಾರಕ್ಕೆ ಒಯ್ದೆ. ನಾಗಪ್ಪ ಜಗಲಿಯಲ್ಲಿ ಬಲೆ ದುರಸ್ತಿ ಮಾಡುತ್ತಿದ್ದರು. ವಾದ್ಯವನ್ನು ತಿರುಗಿಸಿ ತಿರುಗಿಸಿ ನೋಡಿ, “ಅದೇ,” ಎಂದರು. ನಂತರ ಎಡಗೈಯನ್ನು ಕತ್ತಿನ ಮೇಲಿಟ್ಟರು. ಆಗ ಕಂಡಿತು: ಉಂಗುರದ ಬೆರಳು, ಕಿರುಬೆರಳು ಎರಡೂ ಬುಡದಿಂದ ಇರಲಿಲ್ಲ. ಬೋಟಿನಲ್ಲಿ ಬಲೆ ಎಳೆಯುವ ವಿಂಚಿಗೆ ಹಗ್ಗದ ಜೊತೆ ಸಿಕ್ಕಿಕೊಂಡು ಹೋದವಂತೆ. ತಂತಿ ಒತ್ತಲು ಹೋದ ಕೈ ಜಾರಿತು. ಇನ್ನೊಮ್ಮೆ ಜಾರಿತು.

“ಚೆಂದ ಆಗಿದೆ. ಗೋಡೆಗೆ ತೂಗ್ಹಾಕು, ಸುಶೀಲಾ.”

“ಅದೇ ಕೈಲಿ ಬಲೆ ನೇಯ್ತ್ರಿ. ಇದು ಯಂತಕ್ಕೆ ಆಗೂದಿಲ್ಲ?”

“ವಾದ್ಯ ಹಾಳಾಯ್ತು ಹೇಳಿ ನಾನು ಅಂದದ್ದು, ಕುಣಿಯೂಕೆ ಬರದವ ನೆಲ ಡೊಂಕು ಅಂದಂಗೆ. ಬೆರಳು ಹೋದ ದಿವಸವೇ ಇದೂ ಹೋಯ್ತು.”

ಗಂಡ ಆಸರೆಯಾಗಿ ಹಿಡಿದಿದ್ದ ಒಂದೇ ನೆಪವನ್ನು ತಾನೇ ಕಿತ್ತುಕೊಂಡೆ ಎಂಬುದು ಸುಶೀಲಾರ ಮುಖದಲ್ಲಿತ್ತು. ನನಗೆ ನಾಚಿಕೆಯಾಯಿತು. ನಾಲ್ಕು ತಿಂಗಳು ವಾದ್ಯವನ್ನು ಅಳೆದವನು ಬಾರಿಸುವವರ ಬಗ್ಗೆ ಒಂದು ಮಾತು ಕೇಳಿರಲಿಲ್ಲ.

ಎದ್ದು ಬರುವ ಬದಲು ಕೇಳಿದೆ: “ಮೀಟೂಕೆ ಯಾವ ಬೆರಳು ಬೇಕು?”

“ಹೆಬ್ಬೆಟ್ಟು. ಅದರ ಪಕ್ಕದ ಎರಡು.”

“ಆ ಮೂರೂ ಎಡಗೈಲಿ ಉಂಟಲ್ಲ.”

ಅವರು ತಮ್ಮ ಕೈಯನ್ನೇ ನೋಡಿಕೊಂಡರು. ಕತ್ತು ಬಲಗೈಗೆ, ಬಳೆ ಎಡಗೈಗೆ ಬರುವಂತೆ ಬ್ಯಾಂಜೋವನ್ನು ತಿರುಗಿಸಿ ಹಿಡಿದರು. ಆದರೆ ಗಿಡ್ಡ ತಂತಿ ಕೆಳಗೆ ಹೋಗಿ ಹೆಬ್ಬೆರಳಿಗೆ ಸಿಗದಾಯಿತು. ವಾದ್ಯವನ್ನು ವಾಪಸು ತಂದು ಹೊಸ ಕತ್ತು ಕೆತ್ತಿದೆ. ಬಿರಡೆ ಆಚೆ ಬದಿಗೆ, ತಂತಿಗಳ ಸಾಲು ಹಿಂದುಮುಂದು. ಮಾದರಿಗೆ ವಿರುದ್ಧವಾಗಿ ನಾನು ಮಾಡಿದ ಮೊದಲ ಕೆಲಸ ಅದು. ಹತ್ತೊಂಬತ್ತು ದಿನ ಹಿಡಿಯಿತು.

ಈಗ ಯಾರು ಏನೇ ಮಾಡಿಸಲು ಬಂದರೂ, ಅದನ್ನು ಹಿಡಿಯುವವರನ್ನು ಮೊದಲು ಕರೆದುಕೊಂಡು ಬನ್ನಿ ಎನ್ನುತ್ತೇನೆ. ಮೂವತ್ತೊಂದು ವರ್ಷದ ನೌಕರಿ ಕಲಿಸದ ಪಾಠ ಇದು.

ಜನವರಿಯಲ್ಲಿ ಚರ್ಮದ ಬಿಗಿ ನೋಡಲು ಬೆಳಂಬಾರಕ್ಕೆ ಹೋದೆ. ನಾಗಪ್ಪ ಮಗ್ಗಿ ಕಲಿಯುವ ಮಕ್ಕಳಂತೆ ತಡವರಿಸುತ್ತ ಬಾರಿಸುತ್ತಿದ್ದರು. ಅಂಗಳದಲ್ಲಿ ಮೀನು ಒಣಹಾಕುತ್ತಿದ್ದ ಸುಶೀಲಾ ತಿರುಗಿ ನೋಡದೆಯೇ ಹೇಳಿದರು:

“ಅಲ್ಲಿ ತಪ್ಪಿತು. ಮೊದಲಿಂದ ಬಾರ್ಸಿ.”

ನಾಗಪ್ಪ ಮೊದಲಿಂದ ಶುರು ಮಾಡಿದರು.