‘ಬರಬಹುದು’ ಎಂದ ಅಧ್ಯಕ್ಷೆ

ಸುಳ್ಳು ಹೇಳಿ ಗೆದ್ದವರ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಸುಳ್ಳು ಬಾಯಿಗೆ ಬಾರದೆ ಸೋತವರೊಬ್ಬರು ನಮ್ಮಲ್ಲಿದ್ದಾರೆ. ಅವರ ಬಗ್ಗೆ ಯಾರೂ ಬರೆಯಲಿಲ್ಲ. ಪುರಸಭೆಯ ಜೀಪು ಓಡಿಸಿದ ನಾನೇ ಬರೆಯುತ್ತಿದ್ದೇನೆ.

ಅವರು ವಿಜ್ಞಾನಿ. ಹೊಳೆಯ ನೀರು ಎಷ್ಟು, ಎಲ್ಲಿಯವರೆಗೆ ಏರಬಹುದು ಎಂದು ಲೆಕ್ಕ ಹಾಕುವ ಸರ್ಕಾರಿ ಕೆಲಸ. ಜನ ‘ಅಳತೆ ಮೇಡಂ’ ಎನ್ನುತ್ತಿದ್ದರು. ಹೊಳೆಗೆ ಅಂಟಿಕೊಂಡ ಕೆಳಗಿನ ಬೀದಿ ಒಂದಲ್ಲ ಒಂದು ವರ್ಷ ಮುಳುಗುತ್ತದೆ ಎಂದು ಮೇಲಧಿಕಾರಿಗಳಿಗೆ ಹೇಳಿ ಹೇಳಿ ಸಾಕಾಯಿತು. ಕುರ್ಚಿ ಸಿಕ್ಕರೆ ಬೀದಿಯವರನ್ನು ತಾವೇ ಬೇರೆ ಕಡೆಗೆ ಸಾಗಿಸಬಹುದೆಂದು ಕೆಲಸ ಬಿಟ್ಟು ಚುನಾವಣೆಗೆ ನಿಂತರು. ಗೆದ್ದು ಅಧ್ಯಕ್ಷೆಯಾದರು.

ಆ ಬೀದಿಯಲ್ಲೇ ಅವರ ಅಕ್ಕನ ಮನೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ.

ಮೇಡಂ ಬೀದಿಯವರ ಹೊಸ ಮನೆಗಳಿಗೆ ಗುಡ್ಡದ ಮೇಲೆ ಜಾಗ ಗೊತ್ತುಮಾಡಿ, ನಲ್ಲಿ ಹಾಕಿಸಿ, ಕರೆಂಟು ಎಳೆಸಿದರು. ಬೀದಿಯವರು ಕೈ ಎತ್ತಿ ಒಪ್ಪುವುದೊಂದೇ ಬಾಕಿ. ಶಾಲೆಯ ಅಂಗಳದಲ್ಲಿ ಸಭೆ. ನೀರು ಬಂದೇ ಬರುತ್ತದೆ ಎಂದು ಹೇಳಿಬಿಡಿ ಎಂದು ದಾರಿಯಲ್ಲಿ ಹೇಳಿದೆ. ಅವರು ತಲೆಯಾಡಿಸಿದ್ದು ಹೂಂ ಎಂದೋ ಊಹೂಂ ಎಂದೋ ತಿಳಿಯಲಿಲ್ಲ.

ಸಭೆಯಲ್ಲಿ ಅಕ್ಕನೇ ಎದ್ದು ನಿಂತರು.

‘ಬೇರೆ ಮಾತು ಬೇಡ ಕಣೇ. ಈ ಮಳೆಗಾಲದಲ್ಲಿ ನೀರು ಬರುತ್ತಾ, ಇಲ್ವಾ?’

‘ಹಾಗೆ ಹೇಳೋಕಾಗಲ್ಲ ಅಕ್ಕ. ಬರಬಹುದು.’

‘ಬರಬಹುದು ಅನ್ನೋಕೆ ಇಷ್ಟು ಓದಬೇಕಿತ್ತಾ? ನಮ್ಮನೆ ಬೆಕ್ಕೂ ಅಷ್ಟು ಹೇಳುತ್ತೆ’ ಎಂದು ಹಿಂದಿನಿಂದ ಯಾರೋ ಕೂಗಿದರು. ಅಕ್ಕನೂ ನಕ್ಕುಬಿಟ್ಟರು.

ಆ ಕುರ್ಚಿಯ ಮೇಲೆ ಕಣ್ಣಿಟ್ಟಿದ್ದ ಗುತ್ತಿಗೆದಾರ ಎದ್ದ. ‘ನೀರು ಬರಲ್ಲ. ಬಂದ್ರೆ ನನ್ನ ಮೀಸೆ ಬೋಳಿಸ್ಕೋತೀನಿ.’ ಚಪ್ಪಾಳೆಯೋ ಚಪ್ಪಾಳೆ. ಮೇಡಂಗೆ ಒಂದು ಕೈಯೂ ಏಳಲಿಲ್ಲ.

ಆ ವರ್ಷ ನೀರು ಬರಲಿಲ್ಲ. ಮುಂದಿನ ವರ್ಷವೂ ಬರಲಿಲ್ಲ. ಚುನಾವಣೆಯಲ್ಲಿ ಮೇಡಂ ಮಣ್ಣುಮುಕ್ಕಿದರು. ಗುತ್ತಿಗೆದಾರ ಅಧ್ಯಕ್ಷನಾದ. ಗುಡ್ಡದ ಜಾಗದಲ್ಲಿ ಅವನ ಸಿಮೆಂಟಿನ ಗೋದಾಮು ಎದ್ದಿತು.

ಆಮೇಲೆ ಬಂತು ನೀರು. ಹಗಲಾಗಿದ್ದರಿಂದ ಜನ ಉಳಿದರು, ಮನೆಗಳು ಉಳಿಯಲಿಲ್ಲ. ಅಕ್ಕನ ಹೊಲಿಗೆ ಯಂತ್ರ ಕೆಸರಿನಲ್ಲಿ ಹೂತುಹೋಯಿತು. ಎಲ್ಲರೂ ಅದೇ ಶಾಲೆಯಲ್ಲಿ ತಂಗಿದ್ದರು. ಮೇಡಂ ಒಣಬಟ್ಟೆ ಹೊತ್ತು ಅಕ್ಕನ ಹತ್ತಿರ ಹೋದರು.

‘ನಿಂಗೆ ಗೊತ್ತಿತ್ತು’ ಎಂದರು ಅಕ್ಕ. ‘ಅವತ್ತೇ ಗಟ್ಟಿಯಾಗಿ ಒಂದು ಮಾತು ಹೇಳಿದ್ರೆ ನಾವು ಹೊರಡ್ತಿರಲಿಲ್ವಾ?’

‘ಗೊತ್ತಿಲ್ಲದ್ದನ್ನ ಗೊತ್ತು ಅಂತ ಹೇಗೆ ಹೇಳ್ಲಿ ಅಕ್ಕ?’

ಅಕ್ಕ ಬಟ್ಟೆಯ ಗಂಟನ್ನು ಪಕ್ಕಕ್ಕೆ ತಳ್ಳಿ ಗೋಡೆ ಕಡೆ ತಿರುಗಿ ಕೂತರು. ಅವತ್ತಿನಿಂದ ಮಾತಿಲ್ಲ. ಗೊತ್ತಿದ್ದೂ ಬಾಯಿ ಬಿಡಲಿಲ್ಲ ಎಂದು ಈಗ ಬೀದಿಯವರೆಲ್ಲ ಮೇಡಂ ಮೇಲೆಯೇ ಹರಿಹಾಯುತ್ತಾರೆ. ಗುತ್ತಿಗೆದಾರನ ಮೀಸೆ ಹಾಗೇ ಇದೆ. ಅದರ ಸುದ್ದಿ ಯಾರೂ ಎತ್ತುವುದಿಲ್ಲ.

ಮೇಡಂ ಈಗಲೂ ಬೆಳಿಗ್ಗೆ ಸೇತುವೆಗೆ ಬಂದು, ಕಂಬದ ಗುರುತು ನೋಡಿ, ಪಕ್ಕದ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ನೀರಿನ ಮಟ್ಟ ಬರೆಯುತ್ತಾರೆ. ಯಾರೋ ಹೇಳಿದ ಕೆಲಸವಲ್ಲ. ದಯವಿಟ್ಟು ಹೋಗಿ ಮಾತಾಡಿಸಿ. ನೀರು ಬರುತ್ತಾ ಎಂದು ಕೇಳಿದರೆ ‘ಬರಬಹುದು’ ಎನ್ನುತ್ತಾರೆ. ನಗಬೇಡಿ. ಅವರ ಅಕ್ಕ ಬಸ್ ನಿಲ್ದಾಣದ ಹಿಂದೆ ಒಂಟಿ ಕೋಣೆಯಲ್ಲಿದ್ದಾರೆ. ಸಾಧ್ಯವಾದರೆ ಅವರನ್ನೂ ಕರೆದುಕೊಂಡು ಹೋಗಿ. ನಾನು ಕರೆದೆ, ಬರಲಿಲ್ಲ.