ತಳ್ಳಿದವನ ಅಕ್ಕ

ಹಳೆಯ ಕಾರುಗಳ ಸೀಟು ಹೊಲಿಯುವುದರಲ್ಲಿ ಆ ಊರಿನಲ್ಲಿ ಅವಳನ್ನು ಮೀರಿಸುವವರಿರಲಿಲ್ಲ, ಬೈಯುವುದರಲ್ಲೂ ಇರಲಿಲ್ಲ. ದಪ್ಪ ಚರ್ಮಕ್ಕೆ ಚುಚ್ಚುವ ಸೂಜಿಯ ಹೆಸರನ್ನೇ ಜನ ಅವಳಿಗೆ ಇಟ್ಟಿದ್ದರು: ದಬ್ಬಳದಕ್ಕ. ಎದುರಿಗೆ ಮಾತ್ರ ಬರೀ ಅಕ್ಕ. ಐವತ್ತೆಂಟು ವರ್ಷ, ಗಂಟುಗಟ್ಟಿದ ಬೆರಳು, ಮೂಗಿನ ತುದಿಯಲ್ಲಿ ಕನ್ನಡಕ. ಗ್ಯಾರೇಜುಗಳ ಸಾಲಿನ ಕೊನೆಯಲ್ಲಿ ಅವಳ ಅಂಗಡಿ, ಮೇಲೆ ಎರಡು ಕೋಣೆಯ ಮನೆ. ಅಂಗಡಿಯ ಒಳಗೆ ಚರ್ಮ ಮತ್ತು ಅಂಟಿನ ವಾಸನೆ, ಗೋಡೆಗೆ ಒರಗಿಸಿದ ಸ್ಪ್ರಿಂಗುಗಳು, ಹಿಂಜಿಟ್ಟ ನಾರು, ಕಿಟಕಿಯ ಕೆಳಗೆ ಎಮ್ಮೆಯಂತೆ ಮಲಗಿದ ಹೊಲಿಗೆ ಮೆಷಿನ್ನು. ಗಿರಾಕಿಗಳು ಬಾಗಿಲಲ್ಲೇ ನಿಲ್ಲಬೇಕು. ಸೀಟು ಯಾವಾಗ ಸಿಗುತ್ತದೆ ಎಂದು ಯಾರಾದರೂ ಎರಡನೇ ಸಲ ಕೇಳಿದರೆ, "ಅಷ್ಟು ಅವಸರ ಇದ್ರೆ ಗೋಣಿಚೀಲ ಹಾಸ್ಕೊಂಡು ಕೂತ್ಕೊಳ್ಳಿ" ಅನ್ನುವಳು. ಆದರೂ ಜನ ಬರುತ್ತಿದ್ದರು. ಅವಳ ಹೊಲಿಗೆ ಇಪ್ಪತ್ತು ವರ್ಷ ಬಿಚ್ಚುತ್ತಿರಲಿಲ್ಲ.

ಅಪ್ಪ ಅಮ್ಮ ಬೇಗ ಹೋದದ್ದರಿಂದ ಎಂಟು ವರ್ಷ ಚಿಕ್ಕವನಾದ ತಮ್ಮನನ್ನು ಅವಳೇ ಬೆಳೆಸಿದ್ದಳು. ಅವನು ಡ್ರಮ್ಮು ಬಾರಿಸುವವನು. ನಾಲ್ಕು ಜನರ ಬ್ಯಾಂಡು. ಹೋಟೆಲಿನ ಪಾರ್ಟಿ ಹಾಲ್, ಅಂಗಡಿ ಉದ್ಘಾಟನೆ, ಯಾರದೋ ನಿವೃತ್ತಿ ಸಮಾರಂಭ, ಎಲ್ಲಿ ಕರೆದರೆ ಅಲ್ಲಿ. ಹಗಲು ಹೊತ್ತಿನಲ್ಲಿ ಹಳೆಯ ಕಾರುಗಳ ಎಂಜಿನ್ನಿಗೆ ಕಿವಿಗೊಟ್ಟು, "ಮೂರನೇ ಸಿಲಿಂಡರು ತಾಳ ತಪ್ತಿದೆ" ಎಂದು ಹೇಳುತ್ತಿದ್ದ. ಹೇಳಿದ್ದು ಸುಳ್ಳಾಗುತ್ತಿರಲಿಲ್ಲ. ಹಾಗಾಗಿ ಊರಿನ ಹಳೇ ಕಾರಿನ ಕ್ಲಬ್ಬಿನವರಿಗೆ ಅವನೆಂದರೆ ಪ್ರಾಣ, ಅವರ ಕೂಟಗಳಿಗೆಲ್ಲ ಅವನ ಬ್ಯಾಂಡೇ. ಯಾರು ಕರೆದರೂ ಹೊರಡುವ ಅವನನ್ನು ಅಕ್ಕ "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಬೈಯುವಳು. ಅವನು ನಕ್ಕು ತಟ್ಟೆಯನ್ನೇ ಬೆರಳಲ್ಲಿ ಬಾರಿಸುವನು. ಹಿಂದಿನ ಶೆಡ್ಡಿನಲ್ಲಿ ಅವನದೇ ಒಂದು ಪುಟ್ಟ ಹಸಿರು ಕಾರಿತ್ತು, ಗುಜರಿಯಿಂದ ಎತ್ತಿ ತಂದದ್ದು. ಅದಿನ್ನೂ ಓಡುವಂತಾಗಿರಲಿಲ್ಲ. ಆದರೆ ಸೀಟುಗಳನ್ನು ಮಾತ್ರ ಅವಳು ಆಗಲೇ ಹೊಲಿದು ಕೂರಿಸಿದ್ದಳು.

ಅವನು ಸತ್ತದ್ದು ಕ್ಲಬ್ಬಿನ ವಾರ್ಷಿಕ ಕೂಟದ ದಿನ, ಮಟಮಟ ಮಧ್ಯಾಹ್ನ.

ಕೂಟದ ಮೈದಾನ ದಿಬ್ಬದ ಮೇಲಿತ್ತು. ಕ್ಲಬ್ಬಿನ ಅಧ್ಯಕ್ಷರಾದ ವಕೀಲರ ಉದ್ದನೆಯ ಕಪ್ಪು ಕಾರು ಏರಿನ ನಡುವೆ ನಿಂತುಹೋಯಿತು. ವಕೀಲರು ಕೋಟು ಹಾಕಿಕೊಂಡು ಸ್ಟೀರಿಂಗ್ ಹಿಡಿದು ಕೂತೇ ಇದ್ದರು. ಹಾರ್ನ್ ಒತ್ತಿದರು. ವೇದಿಕೆಗೆಂದು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲೇ ತಮ್ಮ ಇಳಿದು ಬಂದು, ಇನ್ನಿಬ್ಬರ ಜೊತೆ ಆ ಭಾರವನ್ನು ತುದಿಯವರೆಗೆ ತಳ್ಳಿದ. ಒಂದು ಗಂಟೆ ಕಳೆದು ಬ್ಯಾಂಡು ಶುರುವಾಯಿತು. ಮೂರನೇ ಹಾಡಿನ ಮಧ್ಯದಲ್ಲಿ ಅವನು ಡ್ರಮ್ಮಿನ ಮೇಲೆ ತಲೆಯಿಟ್ಟ. ಜನ ನಕ್ಕರು. ಸ್ಯಾಕ್ಸೊಫೋನಿನವನು ಒಬ್ಬನೇ ಉದ್ದಕ್ಕೆ ಊದತೊಡಗಿದರೆ ನಿದ್ದೆ ಬಂದವನಂತೆ ನಟಿಸುವುದು ಅವನ ಹಳೆಯ ತಮಾಷೆ. ಉಳಿದ ಮೂವರೂ ನಗುತ್ತಲೇ ಹಾಡು ಮುಗಿಸಿದರು. ಹಾಡು ಮುಗಿದು ಚಪ್ಪಾಳೆ ಬಿದ್ದರೂ ಅವನು ತಲೆ ಎತ್ತಲಿಲ್ಲ.

ಅವಳು ಅಲ್ಲಿರಲಿಲ್ಲ, ಅಂಗಡಿಯಲ್ಲಿ ಹೊಲಿಯುತ್ತಿದ್ದಳು. ಯಾರೋ ಬಂದು ಹೇಳಿದರು. ಮಣ್ಣು ಮಾಡಿ ಬಂದ ಮೂರನೇ ದಿನ ಅವಳು ಚರ್ಮ ಕತ್ತರಿಸುವ ಚೂರಿ ತೆಗೆದುಕೊಂಡು ಶೆಡ್ಡಿಗೆ ಹೋಗಿ, ಹಸಿರು ಕಾರಿನ ಸೀಟುಗಳನ್ನು ಒಂದೂ ಬಿಡದೆ ಸೀಳಿ ಹಾಕಿದಳು. ಅಂದಿನಿಂದ ಅವಳಿಗೆ ಇಬ್ಬರು ಶತ್ರುಗಳು: ತಳ್ಳಿಸಿದವರು, ಊದುತ್ತಲೇ ಇದ್ದವರು. ಬ್ಯಾಂಡಿನವರು ಬೀದಿಯಲ್ಲಿ ಕಂಡರೆ ಅಂಗಡಿಯ ಶಟರು ಎಳೆಯುವಳು. ವಕೀಲರ ಹೆಸರೆತ್ತಿದ ಗಿರಾಕಿಯ ಸೀಟು ಹಾಗೇ ವಾಪಸ್ಸು.

ಹನ್ನೊಂದು ತಿಂಗಳ ಮೇಲೆ ವಕೀಲರೇ ಬಂದರು. ಜೊತೆಗೆ ಸ್ಯಾಕ್ಸೊಫೋನಿನವನು. ಆರಡಿ ಮೀರಿದ ಆಳಾದ್ದರಿಂದ ಅವನನ್ನು ಎಲ್ಲರೂ ಉದ್ದಣ್ಣ ಅನ್ನುತ್ತಿದ್ದರು. ತಮ್ಮನೂ ಅವನೂ ಒಂದೇ ಬೆಂಚಿನಲ್ಲಿ ಓದಿದವರು. ಅಕ್ಕನ ಕೈತುತ್ತು ಅವನೂ ತಿಂದಿದ್ದ.

"ಈ ಸಲದ ಕೂಟ ನಿಮ್ಮ ತಮ್ಮನ ನೆನಪಿಗೆ ಅಂತ ತೀರ್ಮಾನ ಮಾಡಿದೀವಿ ಅಮ್ಮ" ಎಂದರು ವಕೀಲರು. "ಅವನ ಹೆಸರಲ್ಲಿ ಬಹುಮಾನದ ಒಂದು ಕಪ್ಪು. ಅವನ ಹಸಿರು ಕಾರು ಮೆರವಣಿಗೆಯ ಮುಂದೆ. ಸೀಟು ನೀವೇ ಸರಿ ಮಾಡಿಕೊಟ್ರೆ ಅದಕ್ಕಿಂತ ದೊಡ್ಡ ಗೌರವ ಏನಿದೆ."

ಅವಳು ದಾರ ಹಲ್ಲಲ್ಲಿ ಕಡಿದಳು. "ಕಾರು ಓಡಲ್ಲ. ಯಾರು ತಳ್ತಾರೆ?"

ವಕೀಲರು ಕೋಟಿನ ಗುಂಡಿ ತಿರುವಿದರು.

"ನೀವು ಕೂತಿರ್ತೀರಾ, ಇಳೀತೀರಾ?"

"ನಡೆದದ್ದು ದುರದೃಷ್ಟ. ನಾನೇನು ತಳ್ಳು ಅಂತ ಹೇಳಿರಲಿಲ್ಲ. ಅವನಾಗೇ ಬಂದ."

"ಹಾಗಾದ್ರೆ ಅದನ್ನೇ ಮೈಕಿನಲ್ಲಿ ಹೇಳಿ. ನಾನು ಕೂತಿದ್ದೆ, ಹಾರ್ನ್ ಹೊಡೆದೆ, ಅವನು ತಳ್ಳಿದ ಅಂತ. ಇಷ್ಟು ಹೇಳಿದ್ರೆ ಸೀಟೂ ಹೊಲೀತೀನಿ, ಕಾರೂ ಕೊಡ್ತೀನಿ." ಆಮೇಲೆ ಉದ್ದಣ್ಣನ ಕಡೆ ತಿರುಗಿದಳು. "ನೀನು ಆ ಹಾಡನ್ನ ಅವನು ತಲೆ ಇಟ್ಟ ಜಾಗದಲ್ಲಿ ನಿಲ್ಲಿಸು. ಅವತ್ತು ನಿಲ್ಲಿಸಲಿಲ್ಲ, ಈ ಸಲನಾದ್ರೂ ನಿಲ್ಲಿಸು."

ಉದ್ದಣ್ಣ ತಲೆ ತಗ್ಗಿಸಿದ. ವಕೀಲರು ಮುಖ ಬಿಗಿದುಕೊಂಡು, "ಸತ್ತವರ ಹೆಸರಲ್ಲಿ ಷರತ್ತು ಹಾಕಬಾರದು" ಎಂದರು.

"ಸತ್ತವರ ಹೆಸರಲ್ಲಿ ಕಪ್ಪು ಹಂಚಬಹುದೋ? ಹೊಸಿಲು ಇಳೀರಿ."

ಮಾರನೇ ದಿನ ಉದ್ದಣ್ಣ ಒಬ್ಬನೇ ಬಂದ. ಶಟರು ಎಳೆಯುವ ಮೊದಲೇ ಒಳಗೆ ನುಗ್ಗಿ ಮೆಷಿನ್ನಿನ ಪಕ್ಕ ನಿಂತ.

"ಅಕ್ಕಾ, ಒಂದು ಮಾತು ಹೊಟ್ಟೆಯಲ್ಲಿಟ್ಕೊಂಡು ಒಂದು ವರ್ಷ ಆಯ್ತು. ಅವನ ಎದೆ ಸರಿಯಿರಲಿಲ್ಲ. ಡಾಕ್ಟ್ರು ಹೇಳಿದ್ರು, ಭಾರ ಎತ್ತಬೇಡ, ದಿಬ್ಬ ಹತ್ತಬೇಡ ಅಂತ. ನಾನೇ ಕರ್ಕೊಂಡು ಹೋಗಿದ್ದೆ."

"ನಂಗ್ಯಾಕೆ ಹೇಳಲಿಲ್ಲ?"

"ಹೇಳಬೇಡ ಅಂತ ಆಣೆ ಹಾಕಿಸ್ಕೊಂಡ. ಗೊತ್ತಾದ್ರೆ ಅಕ್ಕ ನನ್ನನ್ನ ಹಾಸಿಗೆಗೇ ಸೇರಿಸಿ ಹೊಲಿದುಬಿಡ್ತಾಳೆ ಅಂದ. ಡ್ರಮ್ಮು ಮುಟ್ಟೋಕೂ ಬಿಡಲ್ಲ ಅಂದ."

ಅವಳ ಕೈ ಎದ್ದು ಅವನ ಕೆನ್ನೆಗೆ ಬಿತ್ತು. ಅಷ್ಟೆತ್ತರದ ಮನುಷ್ಯ ಮಗುವಿನಂತೆ ನಿಂತು ಪೆಟ್ಟು ತಿಂದ, ಆಮೇಲೆ ಹೊರಟುಹೋದ.

ಅವಳು ಮೇಲೆ ಹೋಗಿ ತಮ್ಮನ ಬೀರು ಜಾಲಾಡಿದಳು. ಅಂಗಿಗಳ ಕೆಳಗೆ, ಹಳೇ ಸ್ಪಾರ್ಕ್ ಪ್ಲಗ್ಗುಗಳನ್ನಿಟ್ಟ ತಗಡಿನ ಡಬ್ಬಿಯಲ್ಲಿ, ಮಡಿಸಿದ ಆಸ್ಪತ್ರೆ ಚೀಟಿ ಸಿಕ್ಕಿತು. ಜೊತೆಗೆ ಅರ್ಧ ಖಾಲಿಯಾದ ಮಾತ್ರೆಯ ಪಟ್ಟಿ. ಚೀಟಿಯ ತಾರೀಖು ಅವನು ಸಾಯುವುದಕ್ಕೆ ನಾಲ್ಕು ತಿಂಗಳ ಹಿಂದಿನದು. ನಾಲ್ಕು ತಿಂಗಳು ಅವಳ ಎದುರೇ ಕೂತು ಉಂಡು, ಬೈಸಿಕೊಂಡು, ನಕ್ಕು, ಕಳ್ಳತನದಲ್ಲಿ ಮಾತ್ರೆ ನುಂಗಿದ್ದ. ಅಲ್ಲಿಯವರೆಗೆ ಹೊರಗಿನವರ ಮೇಲಿದ್ದ ಸಿಟ್ಟೆಲ್ಲ ಅವನ ಮೇಲೆ ತಿರುಗಿತು. ಗೋಡೆಯ ಫೋಟೋದ ಮುಂದೆ ನಿಂತು ಅವಳು ಕಂಡಾಪಟ್ಟೆ ಬೈದಳು. ಬೈದು ಬೈದು ಗಂಟಲು ಕಟ್ಟಿದಾಗ ಅವಳಿಗೆ ಒಂದು ವಿಷಯ ಹೊಳೆಯಿತು. ತಮ್ಮ ಹೆದರಿದ್ದು ರೋಗಕ್ಕಲ್ಲ, ಈ ಬಾಯಿಗೆ.

ಕೂಟದ ದಿನ ಅವಳು ಯಾರಿಗೂ ಹೇಳದೆ ಬಸ್ಸು ಹಿಡಿದು ಹೋದಳು, ದಿಬ್ಬ ನಡೆದೇ ಹತ್ತಿದಳು. ಏರು ಅಷ್ಟು ಕಡಿದು ಎಂದು ಅವಳಿಗೆ ಗೊತ್ತಿರಲಿಲ್ಲ. ಎರಡು ಕಡೆ ಕೂತು ಸುಧಾರಿಸಿಕೊಳ್ಳಬೇಕಾಯಿತು. ಮೈದಾನದಲ್ಲಿ ಫಳಫಳ ಉಜ್ಜಿದ ಕಾರುಗಳ ಸಾಲು. ಅದರಲ್ಲಿ ಹನ್ನೊಂದು ಕಾರುಗಳ ಸೀಟು ಅವಳದೇ ಹೊಲಿಗೆ. ವೇದಿಕೆಯ ಮೇಲೆ ತಮ್ಮನ ದೊಡ್ಡ ಫೋಟೋ, ಮೇಜಿನ ಮೇಲೆ ಬೆಳ್ಳಿ ಬಣ್ಣದ ಕಪ್ಪು. ಅವಳು ಕೊನೆಯ ಸಾಲಿನಲ್ಲಿ ಕೂತಳು.

ವಕೀಲರ ಮಾತು ಎಣ್ಣೆ ಹಚ್ಚಿದಂತೆ ಸಾಗಿತು. "ನಮ್ಮ ಗೆಳೆಯ ಪುಣ್ಯವಂತ. ಸಂಗೀತದ ನಡುವೆ, ಸ್ನೇಹಿತರ ನಡುವೆ, ನಗುನಗುತ್ತಾ ಹೊರಟುಹೋದ. ಇಂಥ ಸಾವು ಎಷ್ಟು ಜನಕ್ಕೆ ಸಿಗತ್ತೆ?"

ಅವಳು ಎದ್ದು ನಿಂತಳು. ಮೈಕು ಬೇಕಾಗಲಿಲ್ಲ.

"ನಾನು ಅವನ ಅಕ್ಕ. ಅವನ ಎದೆ ಕೆಟ್ಟಿತ್ತು. ನಾನು ಬೈತೀನಿ ಅಂತ ಹೆದರಿ ನನ್ನ ಹತ್ರ ಮುಚ್ಚಿಟ್ಟ. ಅದು ನನ್ನ ತಪ್ಪು, ನಾನು ಹೊರ್ತೀನಿ. ಉದ್ದಣ್ಣನಿಗೆ ಗೊತ್ತಿತ್ತು, ಬಾಯಿ ಬಿಡಲಿಲ್ಲ. ಅದು ಅವನದು. ಇವರ ಗಾಡಿ ಕೆಳಗೆ ಏರಲ್ಲಿ ನಿಂತಿತ್ತು. ಇವರು ಕೂತಿದ್ರು, ನನ್ನ ತಮ್ಮ ತಳ್ಳಿದ. ಇದನ್ನ ಇವರು ಹೇಳ್ತಾ ಇಲ್ಲ."

ವಕೀಲರ ಕಿವಿ ಕೆಂಪಾಯಿತು. "ನಾನು ಯಾರನ್ನೂ ಕರೀಲಿಲ್ಲ. ಅವನೇ ಇಷ್ಟಪಟ್ಟು ಬಂದ."

"ಹಾರ್ನ್ ಮತ್ಯಾರಿಗೆ ಹೊಡೆದ್ರಿ, ಕಾಗೆಗಾ?"

ಯಾರೂ ನಗಲಿಲ್ಲ. ಎರಡನೇ ಸಾಲಿನಲ್ಲಿದ್ದ ಕ್ಲಬ್ಬಿನ ಸದಸ್ಯ ಬೇಕರಿಯವರು, ದಪ್ಪನೆಯ ಸಂಕೋಚದ ಮನುಷ್ಯ, ಕೂತಲ್ಲಿಂದಲೇ ನೆಲ ನೋಡುತ್ತ ಹೇಳಿದರು: "ಮೂರು ಸಲ ಹೊಡೆದ್ರು. ನಾನೂ ತಳ್ಳಿದ್ದೆ. ಅವನು ನನ್ನ ಪಕ್ಕದಲ್ಲಿದ್ದ, ಏದುಸಿರು ಬಿಡ್ತಿದ್ದ. ಸ್ವಲ್ಪ ಇಳೀತೀರಾ ಸಾರ್, ಹಗುರ ಆಗತ್ತೆ ಅಂತ ನಾನೇ ಕೇಳಿದೆ. ಕೋಟು ಕೊಳೆ ಆಗತ್ತೆ ಅಂದ್ರು."

ವಕೀಲರು ಸುತ್ತಲೂ ನೋಡಿದರು. ಇದು ತಮಗೆ ಮಾಡಿದ ಅವಮಾನ, ಇಂಥ ಕ್ಲಬ್ಬು ತಮಗೆ ಬೇಡ ಎಂದು ಹೇಳಿ ಕಪ್ಪನ್ನು ಕಂಕುಳಲ್ಲಿಟ್ಟುಕೊಂಡು ಇಳಿದು ನಡೆದರು. ಹಿಂದೆಯೇ ಆರೇಳು ಜನ ಎದ್ದರು. ಅವರ ಆ ಉದ್ದನೆಯ ಕಪ್ಪು ಕಾರು ಅವತ್ತು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು, ದಿಬ್ಬ ಸರಾಗವಾಗಿ ಇಳಿದುಹೋಯಿತು.

ಉಳಿದವರು ಏನು ಮಾಡಬೇಕೆಂದು ತೋಚದೆ ಕೂತಿದ್ದರು. ಉದ್ದಣ್ಣ ವೇದಿಕೆಯ ಮೇಲಿಂದ ಕೇಳಿದ, "ನುಡಿಸ್ಲಾ ಅಕ್ಕಾ?"

"ನಿನ್ನ ಕೆಲಸ ನೀನು ಮಾಡು."

ಮೂವರೂ ಆ ಹಾಡು ಎತ್ತಿಕೊಂಡರು. ಡ್ರಮ್ಮಿನ ಹಿಂದಿನ ಸ್ಟೂಲು ಖಾಲಿ. ನಡುವೆ ಒಂದು ಕಡೆ, ಉಸಿರು ಇನ್ನೂ ಬಾಕಿಯಿರುವಾಗಲೇ, ಉದ್ದಣ್ಣ ಊದುವುದನ್ನು ನಿಲ್ಲಿಸಿದ. ಉಳಿದಿಬ್ಬರೂ ನಿಲ್ಲಿಸಿದರು. ಒಂದು ವರ್ಷ ಅವಳು ಈ ಗಳಿಗೆಗೆ ಕಾದಿದ್ದಳು. ಬಂದಾಗ ಅದರಲ್ಲಿ ಏನೂ ಇರಲಿಲ್ಲ. ಗಾಳಿಗೆ ಫೋಟೋದ ಹಿಂದಿನ ಬಟ್ಟೆ ಪಟಪಟ ಅನ್ನುತ್ತಿತ್ತು. ನಿಲ್ಲಿಸಿದರೂ ಅಷ್ಟೇ, ನಿಲ್ಲಿಸದಿದ್ದರೂ ಅಷ್ಟೇ. "ಸಾಕು, ಮುಗಿಸ್ರೋ" ಎಂದು ಹೇಳಿ ಅವಳು ಬಸ್ಸಿಗೆ ಹೊರಟಳು. ಹಿಂದಿನಿಂದ ಹಾಡು ಮತ್ತೆ ಶುರುವಾದದ್ದು ಇಳಿಜಾರಿನವರೆಗೂ ಕೇಳಿಸಿತು.

ಕ್ಲಬ್ಬು ಎರಡು ಹೋಳಾಯಿತು. ವಕೀಲರ ಕಡೆಯವರು ಅವಳ ಅಂಗಡಿಗೆ ಬರುವುದನ್ನು ಬಿಟ್ಟರು. "ಆ ಹೆಂಗಸಿನ ನಾಲಿಗೆಗೆ ಎಲುಬಿಲ್ಲ" ಎಂದು ಊರೆಲ್ಲ ಹೇಳಿದರು. ಎರಡು ತಿಂಗಳು ಮೆಷಿನ್ನು ಹೆಚ್ಚು ಹೊತ್ತು ಸುಮ್ಮನಿತ್ತು. ಆಮೇಲೊಂದು ಭಾನುವಾರ ಬೆಳಿಗ್ಗೆ ಬೇಕರಿಯವರು ನಾಲ್ಕು ಜನರನ್ನು ಕಟ್ಟಿಕೊಂಡು ಬಂದು, ಹಸಿರು ಕಾರಿನ ಎಂಜಿನ್ನು ನೋಡಬಹುದೇ ಎಂದು ಬಾಗಿಲಲ್ಲೇ ನಿಂತು ಕೇಳಿದರು. ಅವಳು ಶೆಡ್ಡಿನ ಬೀಗದ ಕೈ ಎಸೆದಳು. ಆ ಮೇಲೆ ಪ್ರತಿ ಭಾನುವಾರವೂ ಬಂದರು. ಅವಳು ಒಂದು ದಿನವೂ ಒಳ್ಳೆಯ ಮಾತಾಡಲಿಲ್ಲ. ಎಣ್ಣೆ ಚೆಲ್ಲಿದರೆ ಬೈದಳು, ಸ್ಪ್ಯಾನರು ತಪ್ಪು ಜಾಗದಲ್ಲಿಟ್ಟರೆ ಬೈದಳು. ಎದೆನೋವು ಎಂದು ಒಬ್ಬ ಕೂತಾಗ ಮಾತ್ರ ಬೈಯಲಿಲ್ಲ. ಆಟೋ ಕರೆದು ತಾನೇ ಹತ್ತಿಸಿ, ಡಾಕ್ಟರ ಬಾಗಿಲವರೆಗೆ ಹೋದಳು. ಅದು ಬರೀ ಗ್ಯಾಸು ಅಂತಾಯಿತು. ಹಿಂದಿರುಗುವಾಗ ದಾರಿಯುದ್ದಕ್ಕೂ ಅವನಿಗೆ ಮಂಗಳಾರತಿ.

ಸೀಳಿದ ಸೀಟುಗಳಿಗೆ ಅವಳು ಹೊಸ ಚರ್ಮ ಹಾಕಿದ್ದು ಆ ಚಳಿಗಾಲದಲ್ಲಿ.

ಉದ್ದಣ್ಣ ಭಾನುವಾರಗಳಲ್ಲಿ ಬರುತ್ತಿರಲಿಲ್ಲ. ಬಂದದ್ದು ಒಂದು ಬುಧವಾರ, ಅಂಗಡಿ ತೆರೆದ ಹೊತ್ತಿಗೆ. ಸ್ಯಾಕ್ಸೊಫೋನಿನ ಪೆಟ್ಟಿಗೆಯ ಒಳಗಿನ ಮಖಮಲ್ಲು ಹರಿದು ಮೆತ್ತೆ ಹೊರಗೆ ಬಂದಿತ್ತು. ಪೆಟ್ಟಿಗೆಯನ್ನು ಅವಳ ಮುಂದೆ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಅವಳು ಮುಚ್ಚಳ ಎತ್ತಿ, ಬೆರಳು ಆಡಿಸಿ, ಹೊಲಿಗೆಯನ್ನು ಹಿಡಿದು ಎಳೆದಳು.

"ಯಾವ ಮೂರ್ಖ ಹೊಲಿದದ್ದು ಇದನ್ನ?"

"ನಾನೇ ಅಕ್ಕಾ."

"ಕಾಣತ್ತೆ." ಪೆಟ್ಟಿಗೆಯನ್ನು ಮೆಷಿನ್ನಿನ ಪಕ್ಕಕ್ಕೆ ತಳ್ಳಿದಳು. "ಶನಿವಾರ ಬಾ. ಅದಕ್ಕೂ ಮುಂಚೆ ಬಂದ್ರೆ ಬಾಗಿಲು ತೆಗೆಯಲ್ಲ."