ಬುಟ್ಟಿಯ ಮೇಲೆ ಒಣಗಿದ ಕಾರ್ಡ್

ಕೋವಿಡ್ ಕಳೆದ ಮರುವರ್ಷದ ಮಳೆಗಾಲ. ಆಗ ನಾನು ಮೂಡಿಗೆರೆಯ ಸಣ್ಣ ಆಸ್ಪತ್ರೆಯೊಂದರಲ್ಲಿ ಮಕ್ಕಳ ವೈದ್ಯೆ. ಗೋಣಿಬೀಡಿನಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಶಿವಕುಮಾರ್ ಮತ್ತು ಅವರ ಹೆಂಡತಿ ರೂಪಾ ನಾಲ್ಕು ವರ್ಷದ ಮಗಳು ಸಿರಿಯನ್ನು ಕರೆತಂದರು. ಜ್ವರ ಬಿಟ್ಟು ವಾರಗಳಾದರೂ ಮಗುವಿನ ಗುಲ್ಮ, ಅಂದರೆ ಸ್ಪ್ಲೀನ್, ಊದಿಕೊಂಡೇ ಇತ್ತು. ರೂಪಾ ಸೋದರಮಾವನ ಮಗನನ್ನೇ ಮದುವೆಯಾದವರು, ಮತ್ತೆ ಬಸುರಿ ಬೇರೆ. ರಕ್ತಸಂಬಂಧದ ಮದುವೆಯಿಂದ ಮಕ್ಕಳಿಗೆ ಬರಬಹುದಾದ ಗೋಶೆ ಕಾಯಿಲೆಯ ಅನುಮಾನ ನನ್ನ ತಲೆ ಹೊಕ್ಕಿತು.

ನಮ್ಮ ಜೀವಕೋಶಗಳಲ್ಲಿ ಲೈಸೋಸೋಮ್ ಎಂಬ ಪುಟ್ಟ ಚೀಲಗಳಿವೆ. ಕಸ ಅರಗಿಸುವುದು ಅವುಗಳ ಕೆಲಸ. ಅದಕ್ಕೆ ಬೇಕಾದ ಎಂಜೈಮ್‌ಗಳನ್ನು ಕೋಶ ಬೇರೆಡೆ ತಯಾರಿಸಿ ಅಲ್ಲಿಗೆ ಕಳಿಸುತ್ತದೆ. ಕಸ ಹೆಚ್ಚಾದರೆ ಚೀಲಗಳನ್ನೂ ಹೆಚ್ಚಿಸಿಕೊಳ್ಳುತ್ತದೆ. ಆದರೆ ಒಂದು ಎಂಜೈಮ್ ಹುಟ್ಟಿನಿಂದಲೇ ಕೆಟ್ಟಿದ್ದರೆ ಚೀಲ ಎಷ್ಟಿದ್ದರೂ ವ್ಯರ್ಥ. ಗೋಶೆ ಕಾಯಿಲೆಯಲ್ಲಿ ಹೀಗೇ ಆಗಿ ಕಸ ಗುಲ್ಮದಲ್ಲಿ ತುಂಬುತ್ತದೆ. ಹುಟ್ಟಲಿರುವ ಕೂಸಿಗೂ ಅದು ಬರಬಹುದಿತ್ತು.

ಲ್ಯಾಬಿನಲ್ಲಿ ಆ ಎಂಜೈಮ್ ಅಳೆಯಲೆಂದು ದಪ್ಪ ಕಾಗದದ ಕಾರ್ಡಿನ ಮೇಲೆ ಸಿರಿಯ ರಕ್ತದ ಹನಿ ಹಾಕಿದೆವು. "ಚೆನ್ನಾಗಿ ಒಣಗಿಸಿ, ಬೆಳಿಗ್ಗೆ ಕೊರಿಯರ್‌ಗೆ ಕೊಡಿ" ಎಂದು ನರ್ಸ್ ಅದನ್ನು ಅವರ ಕೈಗೇ ಕೊಟ್ಟರು.

ಎಂಜೈಮ್ ಇಲ್ಲವೇ ಇಲ್ಲ ಎಂದು ವರದಿ ಬಂತು. ರೂಪಾ ಹೊಟ್ಟೆಯ ಮೇಲೆ ಕೈಯಿಟ್ಟು ಕೇಳಿದರು.

"ಹೊಟ್ಟೇಲಿರೋದಕ್ಕೂ ಇದೇ ಗತಿಯಾ ಡಾಕ್ಟ್ರೇ?"

ಅವರ ಮುಖ ನೋಡಲಾಗದೆ ವರದಿಯನ್ನೇ ಮತ್ತೆ ನೋಡಿದೆ. ಹೋಲಿಕೆಗೆಂದು ಅಳೆದಿದ್ದ ಇನ್ನೊಂದು ಎಂಜೈಮ್ ಕೂಡ ನಾಪತ್ತೆ! ಅದರ ಜೀನ್ ಬೇರೆ. ಎರಡೂ ಒಟ್ಟಿಗೆ ಕೈಕೊಡುವುದು ತೀರಾ ಅಪರೂಪ.

"ಕಾರ್ಡ್ ಎಲ್ಲಿ ಒಣಗಿಸಿದ್ರಿ?"

"ಈ ಮಳೇಲಿ ಎಲ್ಲಿ ಒಣಗುತ್ತೆ ಡಾಕ್ಟ್ರೇ? ಸಿರಿ ಕೂಸಾಗಿದ್ದಾಗ ಬಟ್ಟೆ ಒಣಗಿಸ್ತಿದ್ವಲ್ಲ, ಹಾಗೇ ಕೆಂಡದ ಮೇಲೆ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಇಟ್ಟೆ. ಗರಿಗರಿ ಆಯ್ತು."

ನನಗೆ ನಗುವೂ ಅಳುವೂ ಒಟ್ಟಿಗೇ ಬಂತು. ಬಿಸಿಗೆ ಎಂಜೈಮ್‌ಗಳು ಸತ್ತೇ ಹೋಗುತ್ತವೆ ಎಂದೆ.

"ಅಯ್ಯೋ ಮಾರಾಯ್ತಿ, ರಕ್ತಾನೂ ಹುರಿದ್ಯಲ್ಲೇ!" ಎಂದರು ಶಿವಕುಮಾರ್.

ಎರಡನೆಯ ಕಾರ್ಡನ್ನು ನನ್ನ ಕೋಣೆಯ ಫ್ಯಾನಿನಡಿ ಒಣಗಿಸಿದೆ. ಎರಡೂ ಎಂಜೈಮ್‌ಗಳು ಸರಿಯಾಗಿದ್ದವು. ಫೋನಿನಲ್ಲಿ ಹೇಳಿದಾಗ ಆ ಕಡೆ ಗಂಡ ಹೆಂಡತಿ ಇಬ್ಬರೂ ಅಳುತ್ತಿದ್ದರು, ನಾನೂ ಅತ್ತುಬಿಟ್ಟೆ. ಗುಲ್ಮ ಊದಿದ್ದು ವೈರಸ್ ಸೋಂಕಿನಿಂದ. ಅದು ತಾನಾಗಿಯೇ ಇಳಿಯಿತು.

ವರದಿ ಓದುವ ಮುನ್ನ ರಕ್ತ ಬಂದ ದಾರಿಯನ್ನು ಕೇಳಬೇಕೆಂದು ಅಂದು ಕಲಿತೆ. "ಚೆನ್ನಾಗಿ ಒಣಗಿಸಿ" ಎಂಬ ಮಾತು ನಮ್ಮ ಆಸ್ಪತ್ರೆಯಲ್ಲಿ ಅಲ್ಲಿಗೇ ನಿಂತಿತು; ಕಾರ್ಡುಗಳನ್ನು ನಾವೇ ಒಣಗಿಸತೊಡಗಿದೆವು.

ಮುಂದೆ ರೂಪಾ ಗಂಡುಕೂಸನ್ನು ಲಸಿಕೆಗೆ ತಂದರು. ಎತ್ತಿಕೊಂಡರೆ ಅಂಗಿಯಲ್ಲಿ ಹೊಗೆಯ ವಾಸನೆ.

"ಬಟ್ಟೆ ಮಾತ್ರ ಡಾಕ್ಟ್ರೇ" ಎಂದು ಅವರು ನಕ್ಕರು.